ದಾರ ಕಟ್ಟಿದ ಹಿಡಿಕೆಗಳು

ಅಣ್ಣಿಗೇರಿಯ ಹೊರಗಿನ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿ ಅದು ನನ್ನ ಮೊದಲ ವರ್ಷ. ಸುತ್ತಲೂ ಎರೆಹೊಲ, ನಡುವೆ ನಾನು ಮತ್ತು ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರ್. ಆ ದಿನ ಯಾರು ಯಾರು ಮಾತಾಡಿಸಿದರೆಂದು ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಕರೆಂಟ್ ಹೋದ ದಿನ ಊರವರ ಫೋನುಗಳಿಂದ ಪುಟ ತುಂಬುತ್ತಿತ್ತು. ಇದ್ದ ದಿನ ತಾರೀಖು ಮಾತ್ರ.

ಹತ್ತಿ ಸುಗ್ಗಿಯ ಒಂದು ಶನಿವಾರ ಗಾಳಿಗೆ ತಂತಿ ಹರಿದು ಊರಿನ ಲೈನ್ ಬಿತ್ತು. ನಾನು ಸಂಜೆಯ ರೈಲುಗಾಡಿಗೆ ನಮ್ಮೂರು ಅಳ್ನಾವರಕ್ಕೆ ಹೋಗುವವನಿದ್ದೆ. ತವರಿಗೆ ಬಂದಿದ್ದ ಅಕ್ಕ ಮರುದಿನ ನಸುಕಿಗೇ ಗಂಡನ ಮನೆಗೆ ಹೊರಡುವವಳು. ಅವಳನ್ನು ನೋಡಿ ವರ್ಷ ಮೀರಿತ್ತು. ಆದರೆ ಬಿದ್ದ ಲೈನ್ ಮತ್ತೆ ಚಾಲೂ ಮಾಡದೆ ಮುಂದಿನ ಪಾಳಿಯವರಿಗೆ ಚಾರ್ಜ್ ಕೊಡುವಂತಿರಲಿಲ್ಲ.

ತಂತಿ ಜೋಡಿಸಿ ಆಯಿತೆಂದು ಸುದ್ದಿ ಬಂತು. ಸ್ವಿಚ್ ಹಾಕಿದೆ. ಮೀಟರಿನ ಮುಳ್ಳು ಕೊನೆಯ ಅಂಕಿಗೆ ಹಾರಿ, ಹೊರೆ ಮೀರಿದರೆ ಲೈನ್ ಕಡಿಯುವ ಬ್ರೇಕರ್ ಧಡ್ಡೆಂದು ಬಿತ್ತು. ಮತ್ತೆ ಹಾಕಿದೆ, ಮತ್ತೆ ಬಿತ್ತು.

ಕಾರಣ ಗೊತ್ತಿತ್ತು. ಕರೆಂಟ್ ಹೋದಾಗ ಮೋಟಾರಿನ ಸ್ಟಾರ್ಟರ್ ಹಿಡಿಕೆ ತಾನಾಗಿ ಕೆಳಗೆ ಬೀಳಬೇಕು. ಗಿರಣಿಯವರು ಅದನ್ನು ದಾರದಿಂದ ಕಟ್ಟಿಬಿಡುತ್ತಿದ್ದರು, ಕರೆಂಟ್ ಬಂದ ಕೂಡಲೇ ತಿರುಗಲಿ ಎಂದು. ನಿಂತ ಮೋಟಾರು ಹೊರಡುವಾಗ ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ. ಊರಿನ ಮೋಟಾರೆಲ್ಲ ಒಮ್ಮೆಗೇ ಎಳೆದರೆ ಯಾವ ಬ್ರೇಕರ್ ನಿಂತೀತು?

ನನ್ನ ಬದಲಿಗೆ ಬಂದ ಹಿರಿಯ ಆಪರೇಟರನ್ನು, ಹಿಟ್ಟಿನ ಗಿರಣಿಗಳಿಗೆ ಹೋಗಿ ದಾರ ಬಿಚ್ಚಿಸಿ ಬರಲು ಕೇಳಿಕೊಂಡೆ.

"ಭಲೇ ತಮ್ಮಾ! ಊರಿಗೆ ಹೋಗೂ ಅವಸರ ನಿಂದು, ಸೈಕಲ್ ತುಳಿಯೂ ಪಾಳಿ ನಂದು," ಎನ್ನುತ್ತ ಹೊರಟರು.

ನಾನು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಮೇಸ್ತ್ರಿಗೆ ಫೋನ್ ಮಾಡಿದೆ. ಅವರ ದನಿ ಪರಿಚಯ, ಮುಖ ನೋಡಿರಲಿಲ್ಲ.

"ಎಲ್ಲಾ ಮೋಟಾರ್ ಆಫ್ ಮಾಡ್ರಿ. ನಾ ಹೇಳಿದ ಮ್ಯಾಲೆ ಒಂದೊಂದ ಚಾಲೂ ಮಾಡ್ರಿ."

"ನಾವ್ಯಾಕ್ರಿ ಮೊದಲ? ಎಣ್ಣಿ ಗಿರಣಿಯವ ಆಫ್ ಮಾಡ್ಯಾನೇನು?"

"ಅವ್ರೂ ಹಿಂಗ ಕೇಳ್ತಾರ್ರಿ. ನೀವು ಮಾಡ್ರಿ, ಮೊದಲ ಪಾಳಿ ನಿಮಗ."

"ಮಾತ ತಪ್ಪಬ್ಯಾಡ್ರಿ ಮತ್ತ."

ಎಣ್ಣೆ ಗಿರಣಿಗೂ ಹೇಳಿ ಒಪ್ಪಿಸುವಷ್ಟರಲ್ಲಿ ಹಿರಿಯರು ಬೆವರೊರೆಸುತ್ತ ಬಂದರು. "ಬಿಚ್ಚಿಸೇನಿ. ಒಬ್ಬಂವ ಅಂತೂ ಚಡ್ಡಿ ಲಾಡಿ ಕಟ್ಟಿದಂಗ ಗಂಟ ಹಾಕಿದ್ದ!"

ಸ್ವಿಚ್ ಹಾಕಿದೆ. ಬೀದಿ ದೀಪ, ಮನೆ ದೀಪಗಳಷ್ಟೇ. ಬ್ರೇಕರ್ ನಿಂತಿತು. ಜಿನ್ನಿಗೆ ಹೇಳಿದೆ. ಮುಳ್ಳು ಮೇಲೆದ್ದು, ನಡುಗಿ, ನಿಧಾನ ಇಳಿಯಿತು. ಅವರ ಎರಡನೆಯ ಮೋಟಾರು ಹೊರಟಾಗ ದೂರದಲ್ಲಿ ಗಾಡಿ ಕೂಗಿತು. ಆಗ ಓಡಿದ್ದರೆ ಸಿಗುತ್ತಿತ್ತು. ಎಣ್ಣೆ ಗಿರಣಿ ಬಾಕಿ ಇತ್ತು. ಅಲ್ಲಿಯವರು ಫೋನ್ ಹತ್ತಿರವೇ ಕಾಯುತ್ತಿದ್ದರು.

ಎಲ್ಲ ಮುಗಿಸಿ ಸಹಿ ಹಾಕಿ ಹೊರಗೆ ಬಂದೆ. ಗಾಡಿ ಹೊಲದಾಚೆ ಸಣ್ಣದಾಗುತ್ತಿತ್ತು. ಹಿರಿಯರು ಅದನ್ನೂ ನನ್ನನ್ನೂ ನೋಡಿ ಕಾಲು ತೊಳೆಯಲು ಹೋದರು. ಊರಲ್ಲಿ ದೀಪಗಳು ಸಾಲಾಗಿ ಉರಿಯುತ್ತಿದ್ದವು. ಅಕ್ಕ ನನಗಾಗಿ ಅಳ್ನಾವರ ಸ್ಟೇಷನ್ನಿಗೆ ಬರದಿದ್ದರೆ ಸಾಕು ಅಂದುಕೊಂಡೆ.

ಒಳಗೆ ಫೋನ್ ಬಡಿದುಕೊಂಡಿತು. ಪಾಳಿ ನನ್ನದಲ್ಲದಿದ್ದರೂ ಎತ್ತಿಕೊಂಡೆ. ಜಿನ್ನಿನ ಮೇಸ್ತ್ರಿ.

"ನಾಳೆ ಐತವಾರಾನೂ ಜಿನ್ನು ನಡಸ್ತೀವ್ರಿ. ಕರೆಂಟ್ ಇರ್ತೈತೇನು?"

"ಇರ್ತೈತ್ರಿ," ಎಂದೆ. ಅವರು ಇನ್ನೂ ಏನಾದರೂ ಕೇಳಲೆಂದು, "ನಾನೂ ಇಲ್ಲೇ ಇರ್ತೀನ್ರಿ," ಎಂದೂ ಸೇರಿಸಿದೆ.

"ಹಂಗಾರ ಚಿಂತಿಲ್ಲ ಬಿಡ್ರಿ," ಎಂದು ಫೋನ್ ಇಟ್ಟರು.