ಎಂಟನೇ ಮಾರು

ಅವಳನ್ನು ಎಲ್ಲರೂ ಹಗ್ಗದಕ್ಕ ಅನ್ನುತ್ತಿದ್ದರು. ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವವರು ಯಾವಾಗಲೂ ಜೋಡಿಯಾಗಿಯೇ ದುಡಿಯುತ್ತಾರೆ. ಒಬ್ಬರು ಹಲಗೆಯ ಮೇಲೆ ಕೂತು ಹಗ್ಗದಲ್ಲಿ ಇಳಿಯುತ್ತಾರೆ. ಇನ್ನೊಬ್ಬರು ತಾರಸಿಯ ಮೇಲೆ ನಿಂತು, ಕಬ್ಬಿಣದ ಕಂಬಕ್ಕೆ ಎರಡು ಸುತ್ತು ಸುತ್ತಿದ ಹಗ್ಗವನ್ನು ಕೈಯಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತಾರೆ. ಹಗ್ಗ ಬಿಡುವವಳು ಇವಳು. ಇಳಿಯುವವನು ಇವಳ ಗಂಡ. ಅವನಿಗೆ ಜೋಕಾಲಿ ಅಂತ ಹೆಸರು ಬಿದ್ದಿತ್ತು.

ಅವಳ ಅಂಗೈ ಹಸುವಿನ ನಾಲಿಗೆಯಷ್ಟು ಒರಟು. ಗ್ಲೌಸು ಹಾಕಿಕೋ ಎಂದರೆ, "ಕಿವಿಗೆ ಹತ್ತಿ ಇಟ್ಕೊಂಡು ಮಾತು ಕೇಳ್ಸಿಕೊಳ್ಳಕ್ಕಾಗತ್ತಾ?" ಎನ್ನುತ್ತಿದ್ದಳು. ಹಗ್ಗಕ್ಕೆ ನಿಜವಾಗಿಯೂ ಮಾತಿತ್ತು. ಕೆಳಗಿನಿಂದ ಒಂದು ಸಲ ಎಳೆದರೆ ಬಿಡು ಅಂತ, ಎರಡು ಸಲ ಎಳೆದರೆ ನಿಲ್ಲಿಸು ಅಂತ, ಮೂರು ಸಲ ಎಳೆದರೆ ಬಣ್ಣ ಕಳಿಸು ಅಂತ. ಕೆಲಸಕ್ಕೆ ಅಷ್ಟು ಸಾಕು. ಗಂಡ ಹೆಂಡತಿ ಎಂಟು ವರ್ಷ ಒಬ್ಬರೊಡನೊಬ್ಬರು ಮಾತಾಡದೆ ಒಂದೇ ಹಗ್ಗದ ಎರಡು ತುದಿಯಲ್ಲಿ ದುಡಿದದ್ದು ಹೀಗೆ.

ಮಾತು ನಿಂತದ್ದಕ್ಕೆ ಕಾರಣವಿತ್ತು. ಎಂಟು ವರ್ಷದ ಹಿಂದೆ ಐದು ತಿಂಗಳ ಬಸಿರು ಇಳಿದುಹೋಗಿ ಅವಳು ಮೂರು ವಾರ ಆಸ್ಪತ್ರೆಯಲ್ಲಿ ಮಲಗಿದ್ದಳು. ಅವಳ ಅಕ್ಕ ದಿನಾ ಡಬ್ಬಿಯಲ್ಲಿ ಊಟ ತರುತ್ತಿದ್ದಳು. ಗಂಡ ಸತ್ತವಳು, ಮಕ್ಕಳಿಲ್ಲದವಳು, ಹಾಸಿಗೆ ಹೊಲಿದು ಬದುಕುತ್ತಿದ್ದವಳು. ಒಂದು ಮಧ್ಯಾಹ್ನ ಅಕ್ಕ ಡಬ್ಬಿಯ ಮುಚ್ಚಳ ತೆಗೆಯುತ್ತಾ ಹೇಳಿದಳು. "ಹೇಳಬಾರ್ದು ಅಂದ್ಕೊಂಡಿದ್ದೆ ಕಣೇ. ನಿನ್ನ ಗಂಡ ನಿನ್ನೆ ಇನ್ನೊಬ್ಬಳ ಕೈಗೆ ಹಗ್ಗ ಕೊಟ್ಟು ಇಳಿದನಂತೆ. ಚಿಕ್ಕ ವಯಸ್ಸಿನವಳಂತೆ."

ಬೇರೆ ಕಸುಬಿನವರಿಗೆ ಇದು ಏನೂ ಅನ್ನಿಸಲಿಕ್ಕಿಲ್ಲ. ಹಗ್ಗದವರಿಗೆ ಹಾಗಲ್ಲ. ಯಾರ ಕೈಗೆ ಹಗ್ಗ ಕೊಡುತ್ತಾನೋ ಅವಳ ಕೈಗೆ ಜೀವ ಕೊಟ್ಟ ಹಾಗೆ. ಹಗ್ಗದಕ್ಕ ಮನೆಗೆ ಬಂದು, ಹೊಸ್ತಿಲಲ್ಲೇ ನಿಂತು, "ಹೌದಾ?" ಅಂತ ಕೇಳಿದಳು. ಅವನು ಅವಳ ಮುಖವನ್ನೇ ನೋಡಿ, "ನಿನಗೆ ಹಾಗನ್ನಿಸಿದ್ರೆ ಹೌದು ಅಂತ್ಲೇ ಇಟ್ಕೋ" ಎಂದು ಎದ್ದುಹೋದ. ಇವಳು ಬಟ್ಟೆಯ ಚೀಲ ಎತ್ತಿಕೊಂಡು ಅಕ್ಕನ ಮನೆ ಸೇರಿದಳು.

ಎರಡು ತಿಂಗಳಿಗೆ ಮೇಸ್ತ್ರಿ ಹುಡುಕಿಕೊಂಡು ಬಂದ. "ನೋಡಮ್ಮ, ನಿಮ್ಮ ಜಗಳ ನಿಮಗಿರಲಿ. ಅರ್ಧ ಬಣ್ಣದ ಕಟ್ಟಡ ಅರ್ಧ ಕ್ಷೌರ ಮಾಡಿಸ್ಕೊಂಡವನ ಹಾಗೆ ನಿಂತಿದೆ. ಅವನು ಬೇರೆ ಯಾರು ಹಿಡಿದ್ರೂ ಇಳಿಯಲ್ಲ ಅಂತಾನೆ."

"ಮನೆ ಬೇರೆ, ಹಗ್ಗ ಬೇರೆ," ಎಂದಳು ಅವಳು. "ಹಿಡೀತೀನಿ. ಮಾತಾಡಲ್ಲ."

ಬೇರೆಯವರು ಹಿಡಿದರೆ ಇಳಿಯದವನು ಅವತ್ತು ಮಾತ್ರ ಹೇಗೆ ಇಳಿದ ಎಂಬುದು ಆಗ ಅವಳ ತಲೆಗೆ ಹೊಳೆಯಲೇ ಇಲ್ಲ.

ಹೇಳಲೇಬೇಕಾದ ಮಾತಿದ್ದರೆ ಇಬ್ಬರೂ ಬಣ್ಣದ ಡಬ್ಬಕ್ಕೆ ಹೇಳುತ್ತಿದ್ದರು. "ಡಬ್ಬಾ, ಬಿಳಿ ಮುಗೀತು ಅಂತ ಹೇಳು," ಅಂತ ಅವನು. "ಡಬ್ಬಾ, ಕುರುಡರಿಗೂ ಕಾಣೋ ಹಾಗೆ ಮೂಲೇಲಿ ಇನ್ನೊಂದು ಇದೆ ಅಂತ ಹೇಳು," ಅಂತ ಇವಳು. ಮೇಸ್ತ್ರಿ ನಕ್ಕು ನಕ್ಕು ಸುಸ್ತಾಗಿದ್ದ. "ಈ ಡಬ್ಬದಷ್ಟು ಸಂಸಾರ ನೋಡಿದವರು ಯಾರೂ ಇಲ್ಲಪ್ಪ."

ಈ ಕಸುಬಿನಲ್ಲಿ ಎರಡು ಕಟ್ಟುಪಾಡು ಇತ್ತು. ಮೊದಲನೆಯದು, ಹಗ್ಗ ಹಿಡಿಯುವವರ ಮನೆಯಲ್ಲೇ ಹಗ್ಗ ಮಲಗಬೇಕು. ಇಳಿಯುವವನು ಸಂಜೆ ಅದನ್ನು ಸುತ್ತಿ ಅವಳ ಹೆಗಲಿಗೆ ಹಾಕಿದ ಮೇಲೆ ಮರುದಿನದವರೆಗೆ ಮುಟ್ಟುವ ಹಾಗಿಲ್ಲ. ಎರಡನೆಯದು, ಬೆಳಿಗ್ಗೆ ಹಲಗೆ ಕಟ್ಟುವ ತುದಿಯಿಂದ ಶುರುಮಾಡಿ ಅವಳು ಹಗ್ಗವನ್ನು ಮಾರುಮಾರಾಗಿ ಅಳೆದು ನೋಡಬೇಕು. ಎರಡೂ ಕೈ ಅಗಲಿಸಿದರೆ ಒಂದು ಮಾರು. ಮೂವತ್ತು ಮಾರಿನ ಹಗ್ಗ. ಪ್ರತಿ ಮಾರಿಗೂ, ಹಗ್ಗ ಹೊಸೆದ ಮೂರು ಹುರಿಯ ನಡುವೆ ಹೆಬ್ಬೆರಳು ಒತ್ತಿ ನೋಡಿ ಮುಂದಕ್ಕೆ ಹೋಗಬೇಕು. ಜ್ವರ ಬಂದ ದಿನವೂ ಅವಳು ಮೂವತ್ತು ಎಣಿಸದೆ ಬಿಟ್ಟವಳಲ್ಲ.

ಬಿಟ್ಟದ್ದು ಒಂದೇ ದಿನ.

ಅದರ ಹಿಂದಿನ ದಿನ ಸಂಜೆ ಗಂಡ ಹಗ್ಗ ಸುತ್ತುತ್ತಾ ಡಬ್ಬದ ಕಡೆ ತಿರುಗಿದ. ಅವನ ಕಿವಿಯ ಹಿಂದೆ ಹಳದಿ ಬಣ್ಣ ಮೆತ್ತಿತ್ತು. "ಡಬ್ಬಾ, ಒಂದು ಮಾತು ಹೇಳು. ಅವಳು ಆಸ್ಪತ್ರೇಲಿದ್ದ ಮೂರು ವಾರ ನಾನು ಒಂದು ದಿನಾನೂ ಇಳಿದಿಲ್ಲ. ಯಾರ ಕೈಗೂ ಹಗ್ಗ ಕೊಟ್ಟಿಲ್ಲ. ಅವತ್ತೇ ಹೇಳ್ಬೇಕಿತ್ತು. ಕೋಪ ಬಂತು, ಹೇಳ್ಲಿಲ್ಲ. ಎಂಟು ವರ್ಷ ಆಯ್ತು, ವಯಸ್ಸೂ ಆಯ್ತು, ಇನ್ನು ಅದನ್ನ ಹೊತ್ಕೊಂಡು ಇಳಿಯಕ್ಕಾಗಲ್ಲ."

ಅವಳು ಹಗ್ಗ ಹೆಗಲಿಗೇರಿಸಿಕೊಂಡು ಒಂಬತ್ತು ಮಹಡಿ ಇಳಿದಳು. ಲಿಫ್ಟ್ ಇದ್ದದ್ದೇ ಮರೆತುಹೋಗಿತ್ತು. ಮನೆಗೆ ಬಂದವಳೇ ಅಕ್ಕನನ್ನು ಕೇಳಿದಳು.

"ಅಕ್ಕ, ಅವತ್ತು ಆಸ್ಪತ್ರೇಲಿ ಹೇಳಿದ್ಯಲ್ಲ, ಅದನ್ನ ನಿನಗೆ ಹೇಳಿದವರು ಯಾರು?"

ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. "ಎಂಟು ವರ್ಷದ ಮಾತು. ಯಾರಿಗೆ ನೆನಪಿರತ್ತೆ?"

"ಅವರು ಇಳಿದೇ ಇಲ್ವಂತೆ."

"ಅವನು ಹಾಗನ್ನದೆ ಇನ್ನೇನಂತಾನೆ? ಕೈಕಾಲು ತೊಳ್ಕೋ, ಊಟ ಆರ್ತಿದೆ."

"ನಾಳೆ ಮೇಸ್ತ್ರೀನ ಕೇಳ್ತೀನಿ. ಅವನ ಪುಸ್ತಕದಲ್ಲಿ ಯಾವ ದಿನ ಯಾರು ಬಂದ್ರು ಅಂತ ಇರತ್ತೆ."

ಅಕ್ಕ ದಾರದ ತುದಿಯನ್ನು ಹಲ್ಲಿನಿಂದ ಕಡಿದಳು.

ಬೆಳಿಗ್ಗೆ ಹಗ್ಗದಕ್ಕ ತಾರಸಿಯಲ್ಲಿ ಕೂತು ಮಾರು ಎಣಿಸುತ್ತಿದ್ದಳು. ನಾಲ್ಕು, ಐದು, ಆರು. ಆಗ ಗಂಡ ಬಂದು ಪಕ್ಕದಲ್ಲಿ ನಿಂತ. ಡಬ್ಬ ಎಲ್ಲೋ ದೂರದಲ್ಲಿತ್ತು. ಅವನು ಅತ್ತ ಇತ್ತ ನೋಡಿ, ಡಬ್ಬ ಕಾಣದೆ, ಅವಳ ಕಾಲ ಬಳಿಯ ನೆಲಕ್ಕೆ ಹೇಳಿದ. "ಬಿಸಿಲು ಜಾಸ್ತಿ ಇದೆ. ತಲೆಗೆ ಬಟ್ಟೆ ಕಟ್ಕೊಂಡ್ರೆ ಒಳ್ಳೇದು."

ಐವತ್ತರ ಹತ್ತಿರ ಬಂದ ಹೆಂಗಸಿಗೆ ಕಿವಿ ಬಿಸಿಯಾಯಿತು. ಎದ್ದು, ಬಟ್ಟೆ ಹುಡುಕಿ, ತಲೆಗೆ ಕಟ್ಟಿದಳು. ಅಷ್ಟರಲ್ಲಿ ಅವನು ಹಲಗೆ ಕಟ್ಟಿಕೊಂಡಾಗಿತ್ತು. ಅವಳು ಕಂಬಕ್ಕೆ ಎರಡು ಸುತ್ತು ಹಾಕಿದಳು. ಅವನು ಕಟ್ಟೆ ದಾಟಿ ಇಳಿದ. ಎಣಿಕೆ ಆರಕ್ಕೆ ನಿಂತದ್ದು ಅವಳಿಗೆ ನೆನಪಾಗಲೇ ಇಲ್ಲ.

ಒಂದು ಎಳೆತ, ಬಿಟ್ಟಳು. ಎರಡು ಎಳೆತ, ನಿಲ್ಲಿಸಿದಳು. ಒಂಬತ್ತನೇ ಮಹಡಿಯಿಂದ ಶುರುವಾಗಿ ಐದನೆಯದಕ್ಕೆ ಬರುವ ಹೊತ್ತಿಗೆ ಹತ್ತೂವರೆ. ಮತ್ತೆ ಒಂದು ಎಳೆತ ಬಂತು. ಹಗ್ಗ ಬಿಡುವಾಗ ಅವಳ ಬಲಗೈಗೆ ಏನೋ ನುಣುಪು ತಾಗಿತು. ಹಗ್ಗದಲ್ಲಿ ನುಣುಪು ಎಂಬುದು ಇರುವುದಿಲ್ಲ. ಬಗ್ಗಿ ನೋಡಿದಳು. ಹೆಬ್ಬೆರಳಿಂದ ಉಜ್ಜಿದಳು. ಮೇಣ ಎದ್ದುಬಂತು. ಅದರ ಕೆಳಗೆ ಮೂರು ಹುರಿಯಲ್ಲಿ ಎರಡು ಹುರಿ ನೇರವಾಗಿ, ಬ್ಲೇಡಿನಿಂದ ಕುಯ್ದದ್ದು.

ಎಂಟನೇ ಮಾರು. ಬೆಳಿಗ್ಗೆ ಇನ್ನೆರಡು ಮಾರು ನೋಡಿದ್ದರೆ ಸಿಗುತ್ತಿತ್ತು.

ಕುಯ್ದ ಜಾಗ ಕಂಬದಿಂದ ಒಂದು ಗೇಣು ಈಚೆಗಿತ್ತು. ಅದಕ್ಕೂ ಕಂಬಕ್ಕೂ ನಡುವೆ ಎಡಗೈ ಚಾಚಿ ಹಿಡಿದಳು. ಕೈ ತೆಗೆದರೆ ಸುತ್ತು ಜಾರುತ್ತದೆ. ಗೇಣುದ್ದ ಬಿಟ್ಟರೆ ಕುಯ್ದ ಜಾಗಕ್ಕೇ ಭಾರ ಬೀಳುತ್ತದೆ. ಕಟ್ಟೆಯ ಬಳಿ ಹೋಗಿ ಬಗ್ಗಿ ನೋಡಲೂ ಆಗದು. ಕೆಳಗಿನಿಂದ ಮತ್ತೆ ಒಂದು ಎಳೆತ. ಬಿಡು ಅಂತ. ಮೂವತ್ತು ವರ್ಷ ಆ ಎಳೆತಕ್ಕೆ ಒಗ್ಗಿದ ಕೈ ತಾನಾಗಿ ಬಿಡಲು ಹೊರಟಿತು. ಹಲ್ಲು ಕಚ್ಚಿ ತಡೆದಳು. ಅವನು ಮತ್ತೆ ಎಳೆದ, ಈ ಸಲ ಸಿಟ್ಟಿನಿಂದ.

ಅವಳು ಕೂಗಿದಳು.

"ರೀ!"

ಎಂಟು ವರ್ಷದಿಂದ ಆ ಬಾಯಿಂದ ಬಾರದ ಕರೆ. ಇನ್ನೊಮ್ಮೆ ಎದೆ ಬಿರಿಯುವ ಹಾಗೆ ಕೂಗಿದಳು. "ರೀ! ಎಳೀಬೇಡ್ರೀ! ಹಗ್ಗ ಕುಯ್ದಿದೆ ಕಣ್ರೀ! ಏನಾದ್ರೂ ಹಿಡ್ಕೊಳ್ರೀ!"

ಹಗ್ಗ ಒಮ್ಮೆ ಜೋರಾಗಿ ಅಲುಗಿತು. ಆಮೇಲೆ ಹಗುರಾಯಿತು. ಪೂರ್ತಿ ಹಗುರ. ಅದರ ತುದಿಯಲ್ಲಿ ಮನುಷ್ಯನೇ ಇಲ್ಲ ಅನ್ನುವಷ್ಟು.

ಅವಳು ಕಣ್ಣು ಮುಚ್ಚಿದಳು. ಕೆಳಗೆ ಬೀಳುವ ಸದ್ದಿಗಾಗಿ ಕಾದಳು. ಸದ್ದು ಬಂತು. ಅದು ಪಾತ್ರೆ ಬಿದ್ದ ಸದ್ದು. ಹಿಂದೆಯೇ ಒಬ್ಬ ಹೆಂಗಸಿನ ಕಿರುಚಾಟ. "ಅಯ್ಯೋ, ಕಳ್ಳ! ಅಡುಗೆ ಮನೇಲಿ ಕಳ್ಳ!"

"ಕಳ್ಳ ಅಲ್ಲಮ್ಮ, ಬಣ್ಣದವನು!" ಎಂಬ ಗಂಡನ ದನಿ ಕೇಳಿದ ಮೇಲೆಯೇ ಹಗ್ಗದಕ್ಕ ಹಗ್ಗವನ್ನು ಕಂಬಕ್ಕೆ ಗಂಟು ಹಾಕಿ ಕೈ ಬಿಟ್ಟಳು.

ಅವನು ಕಿಟಕಿಯ ಸಜ್ಜಕ್ಕೆ ಕಾಲು ಕೊಟ್ಟು, ನೀರಿನ ಪೈಪು ಹಿಡಿದು, ಹಲಗೆಯ ಕಟ್ಟು ಬಿಚ್ಚಿ ಒಳಗೆ ನುಗ್ಗಿದ್ದ. ಮೆಟ್ಟಿಲು ಹತ್ತಿ ತಾರಸಿಗೆ ಬಂದಾಗ ಅವನ ಮೊಣಕಾಲು ತರಚಿ ರಕ್ತ ಸೋರುತ್ತಿತ್ತು. ಹಿಂದೆಯೇ ಮೇಸ್ತ್ರಿ ಏದುಸಿರು ಬಿಡುತ್ತಾ ಬಂದ. ಕುಯ್ದ ಜಾಗ ನೋಡಿ ಅವನ ಮುಖ ಬಿಳಿಚಿಕೊಂಡಿತು.

"ಹಗ್ಗ ರಾತ್ರಿ ಯಾರ ಮನೇಲಿತ್ತು?" ಅಂತ ಕೇಳಿದ. ಕೇಳಿದವನೇ ಅವಳನ್ನು ನೋಡಿದ. ಉತ್ತರ ಎಲ್ಲರಿಗೂ ಗೊತ್ತಿತ್ತು.

"ಇವಳು ಕುಯ್ದಿದ್ರೆ ಕೂಗ್ತಿರಲಿಲ್ಲ," ಎಂದ ಗಂಡ. ಆಮೇಲೆ ಡಬ್ಬವನ್ನೂ ನೆಲವನ್ನೂ ಬಿಟ್ಟು ಅವಳಿಗೇ ಹೇಳಿದ. "ಕೈ ತೋರ್ಸು."

ಅಂಗೈಯ ಚರ್ಮ ಸುಲಿದಿತ್ತು. ಹೆಬ್ಬೆರಳಿಗೆ ಮೇಣ ಮೆತ್ತಿತ್ತು. ಅವಳು ಅದನ್ನು ಮೂಗಿನ ಹತ್ತಿರ ತಂದಳು. ಜೇನುಮೇಣದ ವಾಸನೆ. ಹಾಸಿಗೆ ಹೊಲಿಯುವ ದಪ್ಪ ದಾರ ಸಿಕ್ಕಾಗದಿರಲಿ ಅಂತ ಉಜ್ಜುವ ಮೇಣ. ಎಂಟು ವರ್ಷ ಆ ವಾಸನೆಯ ಪಕ್ಕದಲ್ಲೇ ಅವಳು ಮಲಗಿ ಎದ್ದಿದ್ದಳು.

"ಮೇಸ್ತ್ರಿ," ಎಂದಳು. "ನಾನು ಆಸ್ಪತ್ರೇಲಿದ್ದಾಗ ಇವರು ಯಾವತ್ತಾದ್ರೂ ಇಳಿದಿದ್ರಾ?"

"ಇವನಾ? ಮೂರು ವಾರ ನನ್ನ ತಲೆ ತಿಂದ. ನಾನು ಇವನ ಕಾಲಿಗೆ ಬೀಳೋದೊಂದು ಬಾಕಿ, ಆದ್ರೂ ಇಳಿಯಲಿಲ್ಲ."

ಅವಳು ಹಗ್ಗ ಸುತ್ತಿಕೊಂಡು ಮನೆಗೆ ಹೊರಟಳು. ಗಂಡ ಕುಂಟುತ್ತಾ ಹಿಂದೆ ಬಂದ. ಅವಳು ಬೇಡ ಅನ್ನಲಿಲ್ಲ.

ಅಕ್ಕ ಕಿಟಕಿಯ ಬೆಳಕಿಗೆ ಕೂತು ಹಾಸಿಗೆಯ ಅಂಚು ಹೊಲಿಯುತ್ತಿದ್ದಳು. ಸಂಜೆ ಆರಕ್ಕೆ ಬರುವ ತಂಗಿ ಹನ್ನೊಂದೂವರೆಗೆ ಬಂದದ್ದನ್ನು ಕಂಡು, ಯಾಕೆ ಬೇಗ ಬಂದೆ ಅಂತ ಕೇಳಲಿಲ್ಲ. ಸೂಜಿ ನಿಲ್ಲಿಸಿ, ಮೆಲ್ಲಗೆ ಕೇಳಿದಳು.

"ಯಾವ ಮಹಡಿಯಿಂದ?"

ಹಗ್ಗದಕ್ಕನಿಗೆ ಬೆನ್ನಿನ ಮೇಲೆ ತಣ್ಣೀರು ಸುರಿದ ಹಾಗಾಯಿತು. ಆಗಲೂ ಎಲ್ಲೋ ಒಂದು ಮೂಲೆಯಲ್ಲಿ, ಇದು ತನ್ನ ತಪ್ಪು ಊಹೆಯಾಗಿರಲಿ ಅಂತ ಅಂದುಕೊಂಡೇ ಬಂದಿದ್ದಳು.

"ಯಾರೂ ಬೀಳಲಿಲ್ಲ ಅಕ್ಕ. ಬಾಗಿಲಲ್ಲಿ ನಿಂತಿದ್ದಾರೆ ನೋಡು."

ಅಕ್ಕ ಬಾಗಿಲ ಕಡೆ ನೋಡಿದಳು. ಕೈಯಿಂದ ಸೂಜಿ ಜಾರಿತು.

"ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ..." ಅಂತ ಶುರುಮಾಡಿ ನಿಲ್ಲಿಸಿದಳು. ಆಮೇಲೆ ಮಾತು ಒಂದರ ಮೇಲೊಂದು ಬಿತ್ತು. "ನೀನು ದಿನಾ ನೋಡ್ತೀಯಲ್ಲೇ! ಮೂವತ್ತು ಮಾರು ನೋಡದೆ ಎಂದಾದ್ರೂ ಬಿಟ್ಟಿದ್ಯಾ? ನೋಡ್ತೀಯ, ಹೆದರ್ತೀಯ, ಈ ಹಾಳು ಕೆಲ್ಸಾನೂ ಬೇಡ, ಅವನ ಸಹವಾಸಾನೂ ಬೇಡ ಅಂತ ಮನೇಲಿ ಉಳೀತೀಯ ಅಂದ್ಕೊಂಡೆ. ಅಷ್ಟೇ ಕಣೇ. ನಿನ್ನಾಣೆ ಅಷ್ಟೇ. ಆವಾಗ ಆಸ್ಪತ್ರೇಲಿ ಆ ಸುಳ್ಳು ಹೇಳಿದ್ದೂ ಅಷ್ಟಕ್ಕೇ. ನೀನು ಅವನ ಹತ್ರ ಹೋದ್ರೆ ನನಗೆ ಯಾರಿದ್ದಾರೆ?"

ಆ ಮಾತು ಕೇಳಿ ತಂಗಿಯ ಮನಸ್ಸು ಒಂದು ಗಳಿಗೆ ಕರಗಿತು. ಎಂಟು ವರ್ಷ ತಲೆ ಬಾಚಿದ ಕೈ ಅದು. ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ ಕೈ. ನಂಬಿಬಿಡೋಣ ಅನ್ನಿಸಿತು. ಆಗ ಅವಳ ಕಣ್ಣು ಹೊಲಿಗೆ ಡಬ್ಬಿಯಲ್ಲಿದ್ದ ಮೇಣದ ಉಂಡೆಯ ಮೇಲೆ ಬಿತ್ತು. ಅದರಲ್ಲಿ ಹೆಬ್ಬೆರಳಿನ ಹೊಸ ಗುರುತು.

"ನಾನು ನೋಡ್ಲಿ ಅಂತ ಕುಯ್ದಿದ್ರೆ," ಎಂದಳು, "ಮೇಣ ಯಾಕೆ ಸವರಿದೆ, ಅಕ್ಕ?"

ಅಕ್ಕ ನೆಲದ ಮೇಲೆ ಸೂಜಿಗಾಗಿ ಕೈಯಾಡಿಸತೊಡಗಿದಳು. ಸೂಜಿ ಅವಳ ಮಡಿಲಲ್ಲೇ ಇತ್ತು.

ಹಗ್ಗದಕ್ಕ ಬಟ್ಟೆಯ ಚೀಲ ತುಂಬಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಅಳು ಬರಬೇಕಿತ್ತು, ಬರಲಿಲ್ಲ. ಗಂಡ ಒಂದು ಮೆಟ್ಟಿಲು ಕೆಳಗೆ ಕೂತ.

"ಪೊಲೀಸಿಗೆ ಹೇಳ್ಬೇಕಾ?" ಅಂತ ಕೇಳಿದ.

"ಗೊತ್ತಿಲ್ಲ. ಈಗ ಕೇಳ್ಬೇಡಿ."

ಅವಳು ಹಗ್ಗದ ತುದಿ ಹುಡುಕಿ ಮೊದಲನೇ ಮಾರಿನಿಂದ ಎಣಿಸತೊಡಗಿದಳು. ಬೇರೆ ಏನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ. ಅವನು ಸುತ್ತು ಬಿಡಿಸಿ ಬಿಡಿಸಿ ಕೊಟ್ಟ. ಏಳು ಅಂದಳು. ಮುಂದಕ್ಕೆ ಕೈ ಹೋಗಲಿಲ್ಲ. ಅವನು ಜೇಬಿನಿಂದ ಚಾಕು ತೆಗೆದು, ಉಳಿದಿದ್ದ ಒಂದು ಹುರಿಯನ್ನೂ ಕತ್ತರಿಸಿದ. ಗಂಟು ಹಾಕಿದ ಹಗ್ಗದಲ್ಲಿ ಯಾರೂ ಇಳಿಯುವುದಿಲ್ಲ.

"ಹೊಸದು ತರೋಣ," ಎಂದ. "ಅದು ಯಾರ ಮನೇಲಿ ಮಲಗ್ಬೇಕು ಅಂತ ನೀನೇ ಹೇಳು."

ಒಳಗೆ ಅಕ್ಕ ಇನ್ನೂ ಸೂಜಿ ಹುಡುಕುತ್ತಿದ್ದಳು. ಬಳೆಗಳು ನೆಲಕ್ಕೆ ತಾಗುವ ಸದ್ದು ಕೇಳುತ್ತಿತ್ತು. ಆ ಸದ್ದು ನಿಂತ ಮೇಲೆ ಹಗ್ಗದಕ್ಕ ಕೇಳಿದಳು.

"ನಿಮ್ಮನೇಲಿ ಒಣಗಿದ ಮೂಲೆ ಇದೆಯಾ? ಹಗ್ಗಕ್ಕೆ ತೇವ ಆಗಬಾರ್ದು."

"ಇದೆ," ಎಂದ ಅವನು. "ಹಳೇ ಮೂಲೆ. ಖಾಲಿನೇ ಇದೆ."