ಶೇಂಗಾ ಸಿಪ್ಪೆಯ ಒಲೆ

ಕೊಟ್ಟೂರಿನಲ್ಲಿ ಬಸ್ಸಿಳಿದರೆ ನಿಮಗೆ ಮೊದಲು ಮಂಡಕ್ಕಿ-ಮಿರ್ಚಿಯ ವಾಸನೆ ಬರಬಹುದು. ಮೊನ್ನೆ ನನ್ನ ಮೂಗಿಗೆ ಬಡಿದದ್ದು ಶೇಂಗಾ ಸಿಪ್ಪೆ ಸುಡುವ ವಾಸನೆ. ಒಂದಿಷ್ಟು ಸಿಹಿ, ಒಂದಿಷ್ಟು ಕಮಟು. ಮೂಗು ತೋರಿಸಿದ ದಾರಿಯಲ್ಲೇ ಕಾಲು ನಡೆದವು: ಎಣ್ಣೆ ಮಿಲ್ಲಿನ ಕಡೆಗೆ, ಚಿಗವ್ವನ ಕಡೆಗೆ.

ನಾನು ಹರಪನಹಳ್ಳಿಯಲ್ಲಿ ಡಿಪ್ಲೊಮಾ ಹುಡುಗರಿಗೆ ಇಂಧನಗಳ ಪಾಠ ಹೇಳುವವನು. ಯಾವುದರಲ್ಲಿ ತೇವ ಎಷ್ಟು, ಬೂದಿ ಎಷ್ಟು, ಉರಿಯಲು ಗಾಳಿ ಎಷ್ಟು ಬೇಕು ಎಂದು ಬೋರ್ಡು ತುಂಬ ಬರೆಯುತ್ತೇನೆ. ಆದರೆ ಮನೆಯಲ್ಲಿ ಗ್ಯಾಸ್ ಮುಗಿದರೆ ಒಲೆ ಹೊತ್ತಿಸಲು ಬಾರದೆ ಹೋಟೆಲಿಗೆ ನಡೆಯುತ್ತೇನೆ.

ಚಿಗವ್ವ ಎಂದರೆ ನಮ್ಮವ್ವನ ತಂಗಿ ಕೊಟ್ರವ್ವ. ಮಿಲ್ಲಿನ ಗೇಟಿನೆದುರು ಅವಳದೊಂದು ಮಿರ್ಚಿ ಅಂಗಡಿಯಿತ್ತು. ಶೇಂಗಾ ಒಡೆದ ಸಿಪ್ಪೆಯನ್ನು ಮಿಲ್ಲಿನವರು ಬಯಲಿಗೆ ಸುರಿಯುತ್ತಿದ್ದರು. ಓಣಿಯ ಹೆಂಗಸರು ಬೇಕಾದಷ್ಟು ತುಂಬಿಕೊಂಡು ಹೋಗುತ್ತಿದ್ದರು. ಕೇಳುವ ಪದ್ಧತಿಯೂ ಇರಲಿಲ್ಲ, ಕೊಡುವ ಪದ್ಧತಿಯೂ ಇರಲಿಲ್ಲ. ತಗಡಿನ ಡಬ್ಬಿಯ ನಡುವೆ ಒನಕೆ ತುಂಡು ನಿಲ್ಲಿಸಿ, ಸುತ್ತ ಸಿಪ್ಪೆ ತುಂಬಿ, ತುಂಡನ್ನು ಮೆಲ್ಲಗೆ ಮೇಲಕ್ಕೆಳೆದರೆ ನಡುವೆ ಕೊಳವೆಯಂಥ ತೂತು. ಬುಡದಲ್ಲಿ ಗಾಳಿಗೊಂದು ಕಿಂಡಿ. ಅಲ್ಲಿ ಬೆಂಕಿ ತೋರಿಸಿದರೆ ಆಯಿತು, ತಾಸುಗಟ್ಟಲೆ ಹೊಗೆಯಿಲ್ಲದ ಉರಿ.

“ಬಿಗಿ ತುಂಬಿದ್ರ ಸಾಯ್ತೈತಿ, ಸಡ್ಲ ತುಂಬಿದ್ರ ಭುಗ್ ಅಂತೈತಿ,” ಎನ್ನುತ್ತಿದ್ದಳು ಚಿಗವ್ವ.

ಆಗತಾನೇ ಎಂಜಿನಿಯರಿಂಗ್ ಸೇರಿದ್ದ ನಾನು ಸುಮ್ಮನಿರಬೇಕಲ್ಲ? “ಚಿಗವ್ವ, ಇದಕ್ಕ ನಮ್ ಪುಸ್ತಕದಾಗ ಕಂಬಶ್ಚನ್ ಅಂತಾರ,” ಎಂದೆ.

“ಹಂಗಂದ್ರ ಮಿರ್ಚಿ ಲಗೂನ ಬೇಯ್ತಾವೇನಲೇ?”

ಒಂದು ದಿನ ಮಿಲ್ಲಿನ ಸಾಹುಕಾರರು ತಾವೇ ಬಂದು ಮಿರ್ಚಿ ತಿಂದರು. ಒಲೆಯತ್ತ ಬಗ್ಗಿ, “ಏನಬೇ ಕೊಟ್ರವ್ವ, ಹೊಗೀನ ಇಲ್ಲಲ್ಲ! ನಮ್ ಕಸ ಹಿಂಗ ಉರಿತೈತೇನು?” ಎಂದರು. ಚಿಗವ್ವನ ಮುಖ ನೀವು ನೋಡಬೇಕಿತ್ತು. ಇನ್ನೊಂದು ಡಬ್ಬಿ ತಂದು, ತುಂಬಿ, ಎಳೆದು, ಹೊತ್ತಿಸಿ ತೋರಿಸಿದಳು. ತೋರಿಸಿದ ಖುಷಿಗೆ ಮತ್ತೆರಡು ಮಿರ್ಚಿ ಹಾಕಿದಳು. ದೊಡ್ಡವರ ಮೆಚ್ಚುಗೆ ಬಡವರ ಮನೆಯಿಂದ ಬರಿಗೈಯಲ್ಲಿ ಹಿಂದಿರುಗುವುದಿಲ್ಲ.

ಮುಂದಿನ ಸುಗ್ಗಿಗೆ, ಕಟ್ಟಿಗೆ ತಿನ್ನುತ್ತಿದ್ದ ಮಿಲ್ಲಿನ ಬಾಯ್ಲರ್ ಸಿಪ್ಪೆ ತಿನ್ನತೊಡಗಿತು. ಬಯಲಿನ ರಾಶಿಗೆ ಮುಳ್ಳುತಂತಿ ಬಂತು, ತಂತಿಗೊಬ್ಬ ಕಾವಲುಗಾರ ಬಂದ. ಚಿಗವ್ವ ಖಾಲಿ ಚೀಲ ಹಿಡಿದು ಹೋಗಿ, “ಒಂದ್ ಚೀಲ ತುಂಬ್ಕೊಂತೀನ್ರಿ ಸಾವ್ಕಾರ್ರ, ಒಲಿ ಹಚ್ಚಬೇಕು,” ಎಂದಳಂತೆ.

“ಈಗದು ಕಸ ಅಲ್ಲಬೇ, ಇಂಧನ ಐತಿ,” ಎಂದರಂತೆ ಸಾಹುಕಾರರು.

ಕಟ್ಟಿಗೆ ಹಚ್ಚಿ ನೋಡಿದಳು. ಗಿರಾಕಿಗಳು ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಪಕ್ಕದ ಗ್ಯಾಸಿನ ಅಂಗಡಿಗೆ ಎದ್ದು ಹೋದರು. ಅಂಗಡಿ ಮುಚ್ಚಿತು. ಆಗ ಸಾಹುಕಾರರಿಗೆ ಕರುಣೆ ಬಂತು: “ಸಿಪ್ಪಿ ಗುಣ ನಿನಗ ಗೊತ್ತೈತಿ, ಬಾಯ್ಲರಿಗೆ ಹಾಕಾಕ ಬಾ.” ಹೋದಳು. ಹೋಗದೆ?

ಮೊನ್ನೆ ನಾನು ಒಳಗೆ ಹೋದಾಗ ಸಲಿಕೆಯಿಂದ ಸಿಪ್ಪೆ ಎತ್ತಿ ಬಾಯ್ಲರಿನ ಬಾಯಿಗೆ ಎಸೆಯುತ್ತಿದ್ದಳು. ಝಳಕ್ಕೆ ಹುಬ್ಬು ಸುಟ್ಟು ಬೋಳಾಗಿದ್ದವು.

“ಬಿಟ್ಟು ಬಾ ಚಿಗವ್ವ. ಮತ್ತ ಅಂಗಡಿ ಇಡೂಣು, ಗ್ಯಾಸ್ ನಾ ಕೊಡಸ್ತೀನಿ.”

“ಗ್ಯಾಸಿನ ಉರಿ ನನಗ ತಿಳಿಯಂಗಿಲ್ಲಪ. ತಿಳಿಯೋ ಉರಿ ಇಲ್ಲೈತಿ,” ಎಂದು ಮತ್ತೊಂದು ಸಲಿಕೆ ಎಸೆದಳು.

ಪಾಳಿ ಮುಗಿದು ಇಬ್ಬರೂ ಗೇಟಿಗೆ ಬಂದೆವು. ಬೀಡಿ ಸೇದುತ್ತ ಕೂತಿದ್ದ ಕಾವಲುಗಾರ ಬಾಯಿ ಬಿಡುವ ಮೊದಲೇ ಚಿಗವ್ವ ತಾನಾಗಿ ನಿಂತು ಸೆರಗು ಕೊಡವಿದಳು. ಅಂಟಿಕೊಂಡಿದ್ದ ನಾಲ್ಕು ಸಿಪ್ಪೆ ನೆಲಕ್ಕುದುರಿದವು. ಕಾವಲುಗಾರ ಅವನ್ನು ಕಾಲಿನಿಂದ ಒಳಕ್ಕೆ ಸರಿಸಿ, ನನ್ನತ್ತ ನೋಡಿದ.

ನಾನೂ ಅಂಗಿ ಕೊಡವಿದೆ.