ಮುನ್ನೂರೈವತ್ತು ಗ್ರಾಂ ಕಡಿಮೆ

ಅಂಚೆ ಕಚೇರಿಯ ಪಾರ್ಸೆಲ್ ವಿಭಾಗದಲ್ಲಿ ಇಬ್ಬರು ಗಂಡಸರು ಏದುಸಿರು ಬಿಡುತ್ತ ಎತ್ತುವ ಚೀಲವನ್ನು ಅವಳೊಬ್ಬಳೇ ಹೆಗಲಿಗೇರಿಸುತ್ತಿದ್ದಳು. ಗುಂಡು ಎಸೆತದಲ್ಲಿ ಸತತ ಐದು ವರ್ಷ ಇಡೀ ಪ್ರಾಂತ್ಯಕ್ಕೇ ಮೊದಲಿಗಳು. ಹಾಗಾಗಿ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಗುಂಡಕ್ಕ. "ಹೆಸರು ಗುಂಡಗಿದ್ರೇನು, ದೂರ ಹೋಗುತ್ತಲ್ಲ" ಎಂದು ಅವಳೇ ನಗುತ್ತಿದ್ದಳು.

ಅವಳಿಗೆ ಗುಂಡು ಕೊಟ್ಟವನು ಕೋಚ್. ಅದನ್ನು ಉಜ್ಜಿ ನುಣುಪು ಮಾಡಿದವನು ಕಬ್ಬಿಣ ಕಡೆಯುವ ಲೇತ್ ಯಂತ್ರದ ಕೆಲಸದಲ್ಲಿದ್ದ ಸ್ವಂತ ಅಣ್ಣ. "ಬೇರೆಯವರ ಗುಂಡು ಮುಟ್ಟಬೇಡ, ಕೈಯ ಹದ ಕೆಡುತ್ತೆ" ಎಂದು ಕೋಚ್ ತಾಕೀತು ಮಾಡಿದ್ದ. ಅವಳು ಮುಟ್ಟಲಿಲ್ಲ. ಪ್ರಾಂತ್ಯದ ಪಂದ್ಯಗಳಲ್ಲಿ ಗುಂಡುಗಳನ್ನು ತೂಗುತ್ತಿದ್ದವನೂ ಕೋಚೇ.

ಮೊದಲ ಸಲ ಹೋದ ರಾಷ್ಟ್ರಮಟ್ಟದ ಕೂಟದಲ್ಲಿ ಮಾತ್ರ ತೂಕದ ಮೇಜಿನ ಹಿಂದೆ ಬೇರೊಬ್ಬ ಹೆಂಗಸು ಕೂತಿದ್ದಳು. ಗುಂಡಕ್ಕನ ಗುಂಡನ್ನು ತೂಕಕ್ಕಿಟ್ಟವಳು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಇಟ್ಟಳು.

"ನಾಲ್ಕು ಕಿಲೋ ಇರ್ಬೇಕಮ್ಮ. ಮುನ್ನೂರೈವತ್ತು ಗ್ರಾಂ ಕಡಿಮೆ ಇದೆ."

"ನಿಮ್ಮ ಯಂತ್ರ ಕೆಟ್ಟಿರ್ಬೇಕು, ನೋಡಿ ಮೇಡಂ."

ಉಳಿದವರ ಗುಂಡುಗಳೆಲ್ಲ ಸರಿಯಾಗಿಯೇ ತೂಗಿದವು. ಹೆಂಗಸು ಉಗುರಿನಿಂದ ಕೆರೆದಾಗ ನಾಣ್ಯದಗಲದ ಬಿರಡೆಯೊಂದು ಕಂಡಿತು. ಒಳಗೆ ಟೊಳ್ಳು.

ಗುಂಡಕ್ಕ ಹಿಂದೆ ನಿಂತಿದ್ದ ಕೋಚ್‌ನತ್ತ ತಿರುಗಿದಳು. ಅವನು ಅವಳನ್ನು ದಾಟಿ ಅಧಿಕಾರಿಗಳ ಮುಂದೆ ಹೋಗಿ ನಿಂತ. "ನಂಗೇನು ಗೊತ್ತು ಸಾರ್? ಇವಳ ಅಣ್ಣ ಲೇತ್‌ನೋನು. ಅಣ್ಣ ತಂಗಿ ಸೇರ್ಕೊಂಡು ಏನು ಮಾಡಿದ್ರೋ!"

ಊರಿಗೆ ಬಂದವಳು ಮನೆಗೂ ಹೋಗದೆ ನೇರ ವರ್ಕ್‌ಶಾಪಿಗೆ ನುಗ್ಗಿ, ಓಡುತ್ತಿದ್ದ ಲೇತನ್ನು ತಾನೇ ನಿಲ್ಲಿಸಿದಳು.

"ಕೊರೆದಿದ್ದು ನೀನಾ?"

ಅಣ್ಣ ಎಣ್ಣೆಗೈಯನ್ನು ಬಟ್ಟೆಗೆ ಒರೆಸುತ್ತಲೇ ಇದ್ದ. "ಕೋಚ್ ಹೇಳಿದ್ರು ಪುಟ್ಟಿ. ಒಂದ್ಸಲ ಗೆಲುವಿನ ರುಚಿ ಹತ್ಲಿ, ಆಮೇಲೆ ಸರಿಯಾದ ಗುಂಡು ಕೊಡ್ತೀನಿ ಅಂದ್ರು. ನೀನು ಗೆಲ್ತಾನೇ ಹೋದೆ. ಹೇಳೋಕೆ ಬಾಯಿ ಬರ್ಲಿಲ್ಲ."

"ಐದು ವರ್ಷ ಎದುರಿಗೆ ಕೂತು ಉಂಡ್ಯಲ್ಲ ಅಣ್ಣ!" ಅವಳು ಆ ಬಟ್ಟೆಯನ್ನು ಕಿತ್ತುಕೊಂಡಳು. "ವಿಚಾರಣೇಲಾದ್ರೂ ನಿಜ ಹೇಳು."

ಆಗಲಿ ಎಂದು ತಲೆಯಾಡಿಸಿದ. ಆದರೆ ವಿಚಾರಣೆಯ ದಿನ ಕೋಚ್‌ನ ಮುಖ ನೋಡಿದ್ದೇ ತಡ, ಅವನೇ ಕೊಡಿಸಿದ್ದ ಕೆಲಸ ಹೋದೀತೆಂಬ ಭಯಕ್ಕೆ "ನೆನಪಿಲ್ಲ ಸಾರ್" ಎಂದುಬಿಟ್ಟ. ಅವಳ ದಾಖಲೆಗಳೆಲ್ಲ ಅಳಿಸಿಹೋದವು. ಎರಡು ವರ್ಷ ನಿಷೇಧ. ಕೋಚ್ ಬೇರೆ ಕ್ಲಬ್ಬಿಗೆ ಹಾಯಾಗಿ ಸೇರಿಕೊಂಡ.

ಸರಿತೂಕದ ಗುಂಡನ್ನು ಮೊದಲ ಸಲ ಎಸೆದಾಗ ಅದು ಅವಳ ಹಳೆಯ ಗುರುತಿಗಿಂತ ಒಂದೂವರೆ ಮೀಟರ್ ಹಿಂದೆಯೇ ಬಿತ್ತು. ಅಲ್ಲೇ ಕೂತು ಅತ್ತಳು. ಮರುದಿನ ಮತ್ತೆ ಮೈದಾನಕ್ಕೆ ಹೋದಳು, ಒಬ್ಬಳೇ.

ನಿಷೇಧ ಮುಗಿದ ವರ್ಷ ಪ್ರಾಂತ್ಯದ ಕೂಟದಲ್ಲಿ ಮೂರನೇ ಸ್ಥಾನ ಬಂತು. ಕಂಚಿನ ಪದಕ ಹಿಡಿದು ಮನೆಗೆ ಬಂದಾಗ ಬಾಗಿಲಲ್ಲಿ ಅಣ್ಣ ನಿಂತಿದ್ದ. "ತೋರಿಸ್ತೀಯಾ ಪುಟ್ಟಿ?"

ಅಂಗೈ ಬಿಚ್ಚಿ ತೋರಿಸಿದಳು. ಅವನು ಮುಟ್ಟಲು ಕೈ ಚಾಚಿದಾಗ ಮುಷ್ಟಿ ಮಡಚಿಕೊಂಡು ಒಳಗೆ ಹೋದಳು.